ಮೂರನೇ ನುಡಿ

ಝಳಕಿಯ ಹೊಸ ಪೆಟ್ರೋಲ್ ಬಂಕಿನ ಉದ್ಘಾಟನೆಗೆಂದು ಹಾಕಿದ್ದ ಸ್ಟೇಜಿನ ಹಿಂದೆ ಹಾಡುಗಾರ ಸೋಮನಿಂಗ ಚಹಾ ಕುಡಿಯುತ್ತ ನಿಂತಿದ್ದಾಗ, ಪರದೆ ಸರಿಸಿಕೊಂಡು ಚಂದವ್ವ ಒಳಗೆ ಬಂದಳು. ಕೊಲ್ಹಾರದಿಂದ ಎರಡು ಬಸ್ಸು ಬದಲಿಸಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಂದಿದ್ದಳು.

“ನನ್ನ ಮಗಳ ಪದ ಇವತ್ತ ಹಾಡ್ತಿಯೇನೋ ತಮ್ಮಾ?”

“ಇಲ್ಲ ಚಿಗವ್ವಾ, ಇವತ್ತ ಅದನ್ನ ಬಿಟ್ಟೇನಿ,” ಎಂದ. ಬಿಟ್ಟದ್ದು ಆ ಗಳಿಗೆಯಲ್ಲೇ.

ಚಂದವ್ವನ ಮಗಳು ಸುಜಾತಾ ಎರಡು ತಿಂಗಳ ಹಿಂದೆ ಕೃಷ್ಣೆಯ ಹಿನ್ನೀರಿನಲ್ಲಿ ಹೆಣವಾಗಿ ತೇಲಿದ್ದಳು. ಯಾರನ್ನೋ ಮೆಚ್ಚಿದ ಹುಡುಗಿ, ಸೇತುವೆಯಿಂದ ತಾನೇ ಹಾರಿದಳು ಎಂದು ಪೊಲೀಸರು ಕಾಗದದಲ್ಲಿ ಬರೆದು ಮುಗಿಸಿದ್ದರು. ಆದರೆ ಆ ದಿನ ಹುಡುಗಿಯ ಕಾಕಾ ಅವಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೋದದ್ದನ್ನೂ, ಒಬ್ಬನೇ ತಿರುಗಿ ಬಂದದ್ದನ್ನೂ ಚಂದವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. ಹೇಳಿದರೆ ಕೇಳುವವರು ಯಾರು? ಕೊನೆಗೆ ಓಣಿಯವನೇ ಆದ ಸೋಮನಿಂಗನ ಮುಂದೆ ಕೂತು, ಬರೆದವರು ಸುಳ್ಳು ಬರೆದರು, ನೀನಾದರೂ ಖರೇ ಪದ ಕಟ್ಟು ಎಂದು ಕೇಳಿಕೊಂಡಿದ್ದಳು. ಅವನು ಅಳುತ್ತಲೇ ಕಟ್ಟಿದ್ದ. ಮೂರನೇ ನುಡಿಯಲ್ಲಿ ಇದ್ದದ್ದು ಇಷ್ಟೇ: ‘ಇಬ್ಬರು ಹೋದರ ಗಾಡಿ ಮ್ಯಾಲ, ಒಬ್ಬಾವ ಬಂದಾನ ಮನಿಗಿ.’

ಹೊಸ ಪದವನ್ನು ಸೋಮನಿಂಗ ನೇರವಾಗಿ ಸ್ಟುಡಿಯೋಕ್ಕೆ ಒಯ್ಯುವವನಲ್ಲ. ಬೆಲ್ಲದ ಚೂರು ನೆಕ್ಕಿಸಿ ಇಡೀ ಪೆಂಟೆ ಮಾರುವ ಅಂಗಡಿಯವನ ಹಾಗೆ, ಮೊದಲು ಮೂರು ಊರಲ್ಲಿ ಹಾಡಿ ನೋಡುತ್ತಿದ್ದ. ಕೀಬೋರ್ಡ್ ಬಾರಿಸುವ ಮಂಜೂರನ ಬೆರಳು ಕೀಲಿಗಳ ಮೇಲಿದ್ದರೂ ಕಣ್ಣು ಜನರ ಮೇಲೆ. ಯಾವ ನುಡಿಗೆ ಸಿಳ್ಳೆ ಬಿತ್ತು, ಯಾವ ನುಡಿಗೆ ಜನ ಎದ್ದು ಚಹಾದಂಗಡಿಗೆ ನಡೆದರು ಎಂದು ಅವನು ನೆನಪಿಟ್ಟು ಹೇಳುತ್ತಿದ್ದ. ಜನ ಎದ್ದು ಹೋದ ನುಡಿಗೆ ಮರುದಿನವೇ ಕತ್ತರಿ. ಮೂರೂ ಊರಲ್ಲಿ ಗೆದ್ದ ಪದ ಮಾತ್ರ ಯೂಟ್ಯೂಬಿಗೆ ಹೋಗುತ್ತಿತ್ತು.

ಮೊದಲು ಹೂವಿನ ಹಿಪ್ಪರಗಿಯಲ್ಲಿ ಹಾಡಿದ. ಎರಡು ನುಡಿ ಮುಗಿಯುವವರೆಗೂ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೂರನೆಯದು ಬರುತ್ತಲೇ ಮುಂದಿನ ಸಾಲಿನ ಗಂಡಸರು ಧೋತರ ಜಾಡಿಸಿಕೊಂಡು ಎದ್ದರು. ಒಬ್ಬರ ಮನೆಯ ಮಾತನ್ನು ಮೈಕಿನಲ್ಲಿ ಹೇಳಬಾರದು ಎಂದು ಕರೆಸಿದವರು ಬುದ್ಧಿ ಹೇಳಿ ಕಳಿಸಿದರು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸೋಮನಿಂಗನಿಗೆ ಒದೆಸಿಕೊಳ್ಳುವಷ್ಟು ಎದೆ ಇರಲಿಲ್ಲ. ಮುದ್ದೇಬಿಹಾಳ ತಲುಪುವಷ್ಟರಲ್ಲಿ ಅದೇ ನುಡಿಯಲ್ಲಿ ‘ಒಬ್ಬಾಕಿ ಹೋದಳ ಹೊಳಿ ಕಡಿಗಿ, ಒಲವಿಗಿ ಜೀವಾ ಕೊಟ್ಟಾಳ’ ಎಂದಾಗಿತ್ತು. ಅಲ್ಲಿ ಜನ ಹುಚ್ಚೆದ್ದು ಎರಡು ಸಲ ಹಾಡಿಸಿದರು. ನೂರಾರು ಮೊಬೈಲುಗಳು ಮೇಲೆದ್ದವು. ಪದ ಇನ್ನೂ ಬಿಡುಗಡೆಯೇ ಆಗಿರಲಿಲ್ಲ, ಹದಿನೈದು ದಿನದಲ್ಲಿ ಆ ತುಣುಕು ಕಂಡವರ ಸ್ಟೇಟಸ್ಸಿನಲ್ಲೆಲ್ಲ ಕೂತಿತ್ತು.

ಚಂದವ್ವನಿಗೆ ಅದನ್ನು ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ಕೇಳಿಸಿದ್ದಳು. ಈಗ ಅವಳು ಬೈಯಲಿಲ್ಲ, ಅಳಲೂ ಇಲ್ಲ.

“ಕಾಗದದಾಗ ಒಮ್ಮೆ ಹಾರಿಸಿದ್ರು. ನೀ ಮತ್ತೊಮ್ಮೆ ಹಾರಿಸಿದಿ,” ಎಂದಳು. “ಬಿಡಬ್ಯಾಡ. ಹಾಡು. ಮೊದಲ ಕಟ್ಟಿದ್ದಿಯಲ್ಲ, ಹಂಗ ಹಾಡು.”

ಮಂಜೂರ ಸೋಮನಿಂಗನನ್ನು ಬದಿಗೆ ಕರೆದು, ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ಇದೆ, ಜನರ ಬಾಯಿಗೆ ಹತ್ತಿದ್ದನ್ನು ಕೆಡಿಸಬೇಡ, ಕಾಕಾನ ಕಡೆಯವರು ಸುಮ್ಮನಿರುತ್ತಾರೆಯೇ ಎಂದು ಪರಿಪರಿಯಾಗಿ ಹೇಳಿದ. ಹೊರಗೆ ಜನ ಆಗಲೇ ಅದೇ ಪದ ಬೇಕೆಂದು ಕೂಗುತ್ತಿದ್ದರು. ಸೋಮನಿಂಗ ಚಹಾದ ಕಪ್ಪು ಕೆಳಗಿಟ್ಟ.

“ಕಟ್ಟಿದಂಗ ಹಾಡ್ತೇನಿ ಚಿಗವ್ವಾ. ನೀ ಮುಂದ ಹೋಗಿ ಕುಂದರು.”

ಅವನು ಜೀವಮಾನದಲ್ಲಿ ಅಷ್ಟು ಚೆಂದ ಹಾಡಿರಲಿಲ್ಲ. ಎರಡು ನುಡಿ ಮುಗಿದವು. ಮೂರನೆಯದಕ್ಕೆ ಕಣ್ಣು ಮುಚ್ಚಿ, ಹುಡುಗಿಯ ಕಾಕಾನನ್ನೇ ಎದುರಿಗೆ ನಿಲ್ಲಿಸಿಕೊಂಡವನಂತೆ ದನಿ ಎತ್ತಿದ: “ಇಬ್ಬರು ಹೋದರ...”

“ಒಬ್ಬಾಕಿ ಹೋದಳ ಹೊಳಿ ಕಡಿಗಿ,” ಎಂದು ನೆರೆದ ಜನವೆಲ್ಲ ಒಂದೇ ಬಾಯಾಗಿ ಹಾಡಿತು.

ಸೋಮನಿಂಗ ಗಂಟಲು ಹರಿಯುವ ಹಾಗೆ ಮತ್ತೆ ಮೊದಲಿನಿಂದ ಎತ್ತಿಕೊಂಡ. ಮಂಜೂರ ಕೂಡ ಮನಸ್ಸು ಕರಗಿ ಅವನ ಮೈಕಿನ ದನಿ ಏರಿಸಿದ. ಏನೂ ನಡೆಯಲಿಲ್ಲ. ಹಾಡುಗಾರ ಪಾಪ ನುಡಿ ಮರೆತಿದ್ದಾನೆ ಎಂದುಕೊಂಡ ಜನ, ಅವನಿಗೆ ನೆನಪು ಮಾಡಿಕೊಡುವ ಉಮೇದಿನಲ್ಲಿ ಕೈ ಬೀಸಿ ಬೀಸಿ ಇನ್ನಷ್ಟು ಜೋರಾಗಿ ಹಾಡಿದರು. ಅವನು ಬಾಯಿ ಮುಚ್ಚಿದ. ಪದ ನಿಲ್ಲಲಿಲ್ಲ.

ಮುಂದಿನ ಸಾಲಿನಲ್ಲಿ ಚಂದವ್ವ ಒಬ್ಬಳೇ ಸುಮ್ಮನೆ ಕೂತಿದ್ದಳು. ಅವಳ ಪಕ್ಕದಲ್ಲಿದ್ದ ಹೆಂಗಸು ಆ ಹುಡುಗಿಯ ಪಾಡಿಗೆ ಮರುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಳುತ್ತಲೇ ಇತ್ತ ತಿರುಗಿದವಳು, ಇವಳಿಗೆ ತಾಳ ತಿಳಿಯದೇನೋ ಎಂದುಕೊಂಡು ಚಂದವ್ವನ ಎರಡೂ ಕೈ ಹಿಡಿದು ಚಪ್ಪಾಳೆ ತಟ್ಟಿಸತೊಡಗಿದಳು.