ಗಂಟಿನೊಳಗಿನ ಶಂಖ

"ನಾನೇನಾರ ಎದ್ದು ಬರ್ನಿಲ್ಲ ಅಂದ್ರೆ ನೀನೇ ಊದ್ಬೇಕು. ಬ್ಯಾರೇರ ಕೈಲಿ ಊದುಸ್ಬ್ಯಾಡ."

ಸ್ಟ್ರೆಚರ್ ಮೇಲೆ ಮಲಗಿದ್ದ ಕೆಂಪಾಜಮ್ಮ ಹೀಗೆಂದಾಗ ಅವಳ ಗಂಡ ದಾಸಯ್ಯ, ಹುಣಸೂರಿನ ಆಸ್ಪತ್ರೆಯ ಹಿಂಬಾಗಿಲ ಬಳಿ ಕಟ್ಟಿದ್ದ ಹಗ್ಗದ ಈಚೆಗೆ ನಿಂತಿದ್ದ. ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟು, ಗಂಟಿನೊಳಗೆ ಅಪ್ಪನ ಕಾಲದ ಶಂಖ. ಹನಗೋಡಿನ ಸುತ್ತ ಯಾರ ಮನೆಯಲ್ಲಿ ಸಾವಾದರೂ ಅದನ್ನು ಊದುತ್ತ ಮುಂದೆ ನಡೆಯುವುದು ಅವನ ಮನೆತನಕ್ಕೆ ಬಂದ ಕೆಲಸ. ಹರಕೆ ಹೊತ್ತವರು ತಿಮ್ಮಪ್ಪನ ಹೆಸರಿನಲ್ಲಿ ಮಾಡಿಸುವ ಹರಿಸೇವೆಗೂ ಅದೇ ಶಂಖ. ಕೊರೊನಾ ಬಂದ ಮೇಲೆ ಹರಿಸೇವೆಗಳು ನಿಂತವು, ಸಾವಿನ ಮನೆಯ ಕರೆ ಮಾತ್ರ ನಿಲ್ಲಲಿಲ್ಲ. ಅಷ್ಟು ಜನರಿಗೆ ಊದಿದವನ ಒಡಹುಟ್ಟಿದ ತಮ್ಮನೇ ಈ ರೋಗದಿಂದ ಮೈಸೂರಿನಲ್ಲಿ ತೀರಿಕೊಂಡಾಗ ಹೆಣ ಊರಿಗೆ ಬರಲಿಲ್ಲ. ಶಂಖದ ದನಿ ಇಲ್ಲದೆಯೇ ಅವನು ಹೋದ. ಕೆಂಪಾಜಮ್ಮನಿಗೆ ಆಪರೇಷನ್ನಿನ ಭಯಕ್ಕಿಂತ ಆ ಭಯವೇ ದೊಡ್ಡದಾಗಿತ್ತು. ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದರೂ, "ಶಂಖ ತಕ್ಕೊ, ಆಮೇಲೆ ನಾನು ಹತ್ತೀನಿ" ಎಂದು ಹಟ ಹಿಡಿದೇ ನೆರೆಮನೆಯ ನಂಜಣ್ಣನ ಆಟೊ ಏರಿದ್ದಳು.

"ಸುಮ್ಕಿರಮ್ಮಿ, ಬಾಯಿಗೆ ಬಂದಂಗೆ ಆಡ್ಬ್ಯಾಡ" ಎಂದ ದಾಸಯ್ಯ. ಅವಳ ತೊಡೆಸಂದಿನಲ್ಲಿ ಕರುಳು ಹೊರಕ್ಕೆ ಜಾರಿ ಬಿಗಿದು ಸಿಕ್ಕಿಕೊಂಡಿತ್ತು. ಬೇಗ ಬಿಡಿಸದಿದ್ದರೆ ಕೊಳೆತು ಜೀವಕ್ಕೇ ಎರವಾಗುತ್ತದೆ ಎಂದಿದ್ದರು ಆಸ್ಪತ್ರೆಯವರು. ಮೂಗಿಗೆ ಕಡ್ಡಿ ಹಾಕಿ ನೋಡಿದರೆ, ಅದರ ಜೊತೆಗೆ ಕೊರೊನಾ ಬೇರೆ. ಮೈಸೂರಿಗೆ ಫೋನ್ ಮಾಡಿದರೆ ಎಲ್ಲಿಯೂ ಹಾಸಿಗೆ ಖಾಲಿ ಇಲ್ಲ.

ಅಷ್ಟರಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು ತೊಟ್ಟ ಒಬ್ಬರು ಬಾಗಿಲಿಗೆ ಬಂದರು. ಮುಖ ಕಾಣುತ್ತಿರಲಿಲ್ಲ. ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಡಾ. ಬೃಂದಾ' ಎಂದು ಬರೆದಿತ್ತು.

"ತಾತ, ಇಲ್ಲೇ ಮಾಡ್ತೀವಿ."

"ರೋಗ ನಿಮ್ಗೂ ಅಂಟ್ಕಂಡ್ರೆ ಏನ್ಮಾಡೀರವ್ವ?"

"ಅಂಟದ ಹಾಗೆ ಮಾಡೋದನ್ನೇ ಇಷ್ಟು ದಿನ ಕಲ್ತಿರೋದು. ಅಜ್ಜಿಗೆ ಪೂರ್ತಿ ಎಚ್ಚರ ತಪ್ಪಿಸಿ ಬಾಯೊಳಗೆ ಕೊಳವೆ ಹಾಕಿದ್ರೆ ಅವರ ಉಸಿರು ಕೋಣೆಯೆಲ್ಲ ಹರಡುತ್ತೆ. ಅದಕ್ಕೇ ಬೆನ್ನಿಗೆ ಸೂಜಿ ಕೊಡ್ತೀವಿ. ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತೆ. ಅಜ್ಜಿ ಮಾಸ್ಕ್ ಹಾಕ್ಕೊಂಡು ಮಾತಾಡ್ತಾನೇ ಇರಬಹುದು."

"ಆ ಮಾತು ನಿಲ್ಸೋ ಸೂಜಿ ಇನ್ನೂ ಉಟ್ಟಿಲ್ಲ ಬುಡಿ."

"ಕೇಳುಸ್ತು ನಂಗೆ!" ಎಂದಳು ಸ್ಟ್ರೆಚರ್ ಮೇಲಿದ್ದ ಕೆಂಪಾಜಮ್ಮ.

ಡಾಕ್ಟರು ಗಂಟನ್ನು ತೋರಿಸಿ ಅದೇನೆಂದು ಕೇಳಿದರು. ದಾಸಯ್ಯ ತಲೆ ತಗ್ಗಿಸಿಕೊಂಡು ಹೇಳಿದ, ಹರಿಸೇವೆಯದನ್ನೂ ಸಾವಿನದನ್ನೂ. ಅವರು "ನಾನು ಬಂದು ಹೇಳೋವರೆಗೂ ಅದನ್ನ ಬಿಚ್ಚಬೇಡಿ" ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು.

ದಾಸಯ್ಯ ಹೊಂಗೆಮರದ ಕೆಳಗೆ ಕುಳಿತ. ಒಳಗೆ ಬೇಕಾದವರನ್ನು ಬಿಟ್ಟು ಒಂದು ನರಪಿಳ್ಳೆಯೂ ಇಲ್ಲವೆಂದೂ, ಗಾಳಿ ಆಚೀಚೆ ಹರಡಬಾರದೆಂದು ಏಸಿಯನ್ನೂ ನಿಲ್ಲಿಸಿದ್ದಾರೆಂದೂ ನರ್ಸ್ ವಾಣಿಶ್ರೀ ಕಿಟಕಿಯಿಂದ ಕೂಗಿ ಹೇಳಿದಳು. ಆ ಬಿರುಬಿಸಿಲಿನ ಸೆಕೆಯಲ್ಲಿ, ಆ ಪ್ಲಾಸ್ಟಿಕ್ಕಿನಂಥ ಉಡುಪಿನಲ್ಲಿ, ತನ್ನವಳಿಗಾಗಿ ಯಾರೋ ಬೆವೆತು ನೀರಾಗುತ್ತಿದ್ದಾರೆ ಎನಿಸಿ ಅವನು ತನಗರಿವಿಲ್ಲದೆಯೇ ಕೈ ಜೋಡಿಸಿದ. ಗಂಟು ತೊಡೆಯ ಮೇಲೆ ಕಲ್ಲಿನ ಹಾಗೆ ಕುಳಿತಿತ್ತು. 'ಅಪ್ಪಾ ತಿಮ್ಮಪ್ಪ, ಊರಿನವರ ಮನೆ ಮುಂದೆ ಊದುವಾಗ ಉಸಿರು ಕೊಟ್ಟೆ. ತಮ್ಮನಿಗೆ ಊದುವ ಭಾಗ್ಯ ಕೊಡಲಿಲ್ಲ, ಅದಕ್ಕೂ ನಾನು ನಿನ್ನನ್ನು ಬೈಯಲಿಲ್ಲ. ಇವಳಿಗೆ ಮಾತ್ರ ಇದನ್ನು ನನ್ನ ತುಟಿಗೆ ತರಬೇಡ.'

ನೆರಳು ಮರದಿಂದ ಗೋಡೆಗೆ ಸರಿದಾಗ ಒಬ್ಬ ಹೆಣ್ಣುಮಗಳು ಹಗ್ಗದ ಬಳಿ ಬಂದು ನಿಂತಳು. ಸ್ನಾನ ಮಾಡಿದ ಒದ್ದೆ ತಲೆ, ಹೊಸ ಮಾಸ್ಕು, ಹಣೆಯ ಮೇಲೆ ಕನ್ನಡಕದ ಪಟ್ಟಿ ಒತ್ತಿ ಮೂಡಿದ ಕೆಂಪು ಗೆರೆ. ದಾಸಯ್ಯನಿಗೆ ಗುರುತು ಸಿಕ್ಕಿದ್ದು ದನಿಯಿಂದ.

"ತಾತ, ಕರುಳು ಚೆನ್ನಾಗಿದೆ, ಕೊಳೆತಿರಲಿಲ್ಲ. ಒಳಕ್ಕೆ ಸೇರಿಸಿ ಹೊಲಿದ್ವಿ. ಉಸಿರಾಟಾನೂ ಸರಿಯಾಗಿದೆ. ಹೊಲಿಗೆ ಮುಗಿಯೋದ್ರೊಳಗೆ ಅಜ್ಜಿ ನನ್ನ ಊರು, ನಮ್ಮತ್ತೆ, ನಮ್ಮತ್ತೆಯ ಮಂಡಿನೋವು ಎಲ್ಲಾ ವಿಚಾರಿಸಿ ಮುಗಿಸಿದ್ರು."

ದಾಸಯ್ಯ ಕಾಲಿಗೆ ಬೀಳೋಣವೆಂದರೆ ನಡುವೆ ಹಗ್ಗ. ನಿಂತಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಈಗ ಬಿಚ್ಚಿ ಆ ಗಂಟು" ಎಂದರು ಡಾಕ್ಟರು.

"ಇದಾ? ಇದು ಈಗ ಸಾವಿಗೆ ಊದೋದೇ ಆಗೋಗದೆ ಕಣವ್ವ."

"ಹರಿಸೇವೆಗೂ ಊದ್ತೀನಿ ಅಂದ್ರಲ್ಲ. ಅಜ್ಜಿ ಕಿಟಕಿ ಪಕ್ಕದಲ್ಲೇ ಇದ್ದಾರೆ, ಕೇಳಿಸುತ್ತೆ. ಆದ್ರೆ ಇಲ್ಲಿ ಮಾಸ್ಕ್ ತೆಗೀಬೇಡಿ. ಕಾಂಪೌಂಡಿನ ಆ ಮೂಲೆಗೆ ಹೋಗಿ, ಅಲ್ಲಿ ಯಾರೂ ಇಲ್ಲ."

ದಾಸಯ್ಯ ಮೂಲೆಗೆ ಹೋದ. ಮಾಸ್ಕನ್ನು ಗಲ್ಲಕ್ಕೆ ಇಳಿಸಿದ, ಗಂಟು ಬಿಚ್ಚಿದ, ಕಣ್ಣು ಮುಚ್ಚಿ ಊದಿದ. ಆ ದನಿ ಆಸ್ಪತ್ರೆಯ ಗೋಡೆಗಳನ್ನು ಸುತ್ತಿಕೊಂಡು ರಸ್ತೆಗೆ ಹರಿಯಿತು. ಗೇಟಿನ ಹೊರಗೆ ಆಟೊದಲ್ಲಿ ತೂಕಡಿಸುತ್ತಿದ್ದ ನಂಜಣ್ಣ ಬೆಚ್ಚಿಬಿದ್ದು ಎದ್ದ. ತಲೆಯ ಟವಲು ಕೈಗೆ ತೆಗೆದುಕೊಂಡು ಕಾಂಪೌಂಡಿನ ಗೋಡೆಯವರೆಗೆ ಓಡಿ ಬಂದ. ಕಣ್ಣಲ್ಲಿ ನೀರು.

"ಅಯ್ಯೋ ದಾಸಣ್ಣ! ಕೆಂಪಾಜಕ್ಕ ಯಾವಾಗ ವೋದ್ಲು?"

"ವೋಗ್ನಿಲ್ಲ ಕಣ್ಲಾ ನಂಜ, ಬಂದ್ಲು" ಎಂದ ದಾಸಯ್ಯ, ಮತ್ತೆ ಶಂಖವನ್ನು ಎತ್ತಿ ಹಿಡಿದ.