ಮಳೆಯವನು ತಂಗಿದ ಅಂಗಳ

ಹುಟ್ಟುವಾಗಲೇ ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಹವೆ ಬೀಳುತ್ತಿದ್ದ ಕಾಲವದು. ಕೆಲವರಿಗೆ ಬಿಸಿಲು, ಕೆಲವರಿಗೆ ಗಾಳಿ, ಗುರುಪಾದನಿಗೆ ಮಳೆ. ಊರೂರು ಸುತ್ತುವ ಅವನ ಸೈಕಲ್ ಹೋದಲ್ಲೆಲ್ಲ ಮೋಡವೂ ಹಿಂದೆಯೇ ಬರುತ್ತಿತ್ತು. ಒಂದು ದಿನ, ರಾತ್ರಿ ತಂಗಲು ಡೇರೆ ಹಾಕಲು ಜಾಗ ಕೇಳಿದಲ್ಲೆಲ್ಲ, ಮೆಣಸಿನಕಾಯಿ ಒಣಹಾಕಿದ್ದ ಜನ ಕೈಮುಗಿದು ಸಾಗಹಾಕಿದರು.

ಸಂಜೆಗೆ, ಬರೀ ಬಿಸಿಲಿನವರೇ ಇದ್ದ ಊರೊಂದರಲ್ಲಿ ಫಕೀರವ್ವ ಎಂಬ ಮುದುಕಿ, “ನಮ್ಮ ಅಂಗಳದಾಗ ಹಾಕ್ಕೊಳಪಾ” ಎಂದಳು. ಗುರುಪಾದನಿಗೆ ಕಣ್ಣು ತುಂಬಿ ಬಂತು. ಡೇರೆ ಹಾಕಿದವನೇ ಗಡದ್ದಾಗಿ ಮಲಗಿಬಿಟ್ಟ.

ಬೆಳಿಗ್ಗೆ ಹೊರಗೆ ಕಾಲಿಡಲು ಜಾಗವಿರಲಿಲ್ಲ. ಊರಿನ ಕೊಡ, ಬಕೆಟ್ಟು, ಪಾತ್ರೆಗಳೆಲ್ಲ ಡೇರೆಯ ಸುತ್ತ ತುಂಬಿ ತುಳುಕುತ್ತಿದ್ದವು. ಕೊಡೆ ಹಿಡಿದು ಬಂದ ಫಕೀರವ್ವ ಬಿಸಿ ಚಹಾ ಕೈಗಿಟ್ಟು, “ಸಾವಕಾಶ ಕುಡಿ ತಮ್ಮಾ. ದೊಡ್ಡ ಹಂಡೆ ಇನ್ನೂ ಅರ್ಧಾನೇ ತುಂಬೇತಿ” ಎಂದಳು.

ಕುಡಿದು ಮುಗಿಸಿದ ಗುರುಪಾದ ಇನ್ನೊಂದು ಕಪ್ ಕೇಳಿದ.