ಪಿಂಡ ಮುಟ್ಟದ ಕಾಗೆ

ಮಸಣ, ಪ್ರೇತ, ನೀರೊಳಗಿಂದ ಕರೆಯುವ ಹೆಣ್ಣು ಎಂದು ಬರೆದು ನಾಡಿಗೆಲ್ಲ ಹೆಸರಾಗಿದ್ದ ಕವಿ ತೀರಿಕೊಂಡು ಅಂದಿಗೆ ಹತ್ತನೆಯ ದಿನ. ಹೊಳೆ ದಂಡೆಯಲ್ಲಿ ಪಿಂಡ ಇಟ್ಟಾಗಿತ್ತು. ಕಾಗೆ ಮಾತ್ರ ಕೊಂಬೆ ಬಿಟ್ಟು ಇಳಿಯಲಿಲ್ಲ.

"ಏನೋ ಆಸೆ ಉಳ್ಕೊಂಡಿದೆ. ನಡೆಸ್ಕೊಡ್ತೀವಿ ಅಂತ ಹೇಳಿ," ಎಂದರು ಪುರೋಹಿತರು.

ಮಗ ಕೈಮುಗಿದ. "ಅಪ್ಪಾ, ನಿಮ್ಮ ಸಮಗ್ರ ಕಾವ್ಯ ಅಚ್ಚು ಹಾಕಿಸ್ತೀನಿ."

ಕಾಗೆ ಮುಖ ತಿರುಗಿಸಿತು.

"ಮುಖಪುಟದಲ್ಲಿ ನಿಮ್ಮದೇ ಫೋಟೊ."

ಅದು ಇನ್ನೂ ಮೇಲಿನ ಕೊಂಬೆಗೆ ಹಾರಿತು.

ಕವಿಯ ಹೆಂಡತಿ ಎದ್ದುಬಂದು ಕಾಗೆಯನ್ನೇ ನೋಡುತ್ತ ಹೇಳಿದರು:

"ಇಳೀರಿ. ಬಾವಿಗೆ ಬಿದ್ದ ನಿಮ್ಮ ತಂಗಿ ಹೆಸರಲ್ಲೇ ಹಾಕಿಸ್ತೀನಿ. ಅಷ್ಟೂ ಪದ್ಯ ಬರೆದವಳು ಅವಳು ತಾನೆ?"

ಮಾತು ಮುಗಿಯುವ ಮೊದಲೇ ಕಾಗೆ ಪಿಂಡಕ್ಕೆ ಬಾಯಿ ಹಾಕಿತ್ತು.